ಆಳು ಬದಲಾದರೂ ಉಳಿದ ಮೇಳ



ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಹತ್ತನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಹುಡುಗನೊಬ್ಬ ಪಾಠದ ನಡುವೆ ಪುಸ್ತಕದ ಮರೆಯಲ್ಲಿ ಏನನ್ನೋ ನೋಡುತ್ತಿದ್ದ. ಹೋಗಿ ಕಸಿದುಕೊಂಡೆ. ಅದೊಂದು ಕ್ಯಾಸೆಟ್ಟು. ಹೊದಿಕೆಯ ಮೇಲೆ ಅಸ್ಥಿಪಂಜರದಂತಹ ಮುಖ, ಐರನ್ ಮೇಡನ್ ಎಂಬ ಹೆಸರು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಅವನ ಸೋದರಮಾವ ತಂದುಕೊಟ್ಟದ್ದಂತೆ. "ಇದೂ ಒಂದು ಸಂಗೀತವೇನಯ್ಯಾ?" ಎಂದು ಎಲ್ಲರೆದುರು ಹೀಯಾಳಿಸಿ, ಪರೀಕ್ಷೆ ಮುಗಿದ ಮೇಲೆ ಕೊಡುವೆನೆಂದು ಮೇಜಿನ ಖಾನೆಯಲ್ಲಿಟ್ಟೆ. ಕೊಡಲಿಲ್ಲ.

ಇದನ್ನು ಮರೆತೇಬಿಟ್ಟಿದ್ದೆ. ಈಚೆಗೆ ಬೆಂಗಳೂರಿನಲ್ಲಿ ತಂಗಿಯ ಮನೆಗೆ ಹೋದಾಗ ಅವಳ ಮೊಮ್ಮಗ ಗಿಟಾರ್ ಅಭ್ಯಾಸ ಮಾಡುತ್ತಿದ್ದ. ಗೋಡೆಯ ಮೇಲೆ ಅದೇ ಮುಖದ ಚಿತ್ರ! ಅವನೊಡನೆ ಕುಳಿತು ಕೇಳಿದ್ದು, ಆಮೇಲೆ ಓದಿ ತಿಳಿದದ್ದು ಸೇರಿ ಈ ಲೇಖನವಾಯಿತು.

ಹೆವಿ ಮೆಟಲ್ ಎಂಬ ಈ ಸಂಗೀತ ಹುಟ್ಟಿದ್ದು ಶ್ರೀಮಂತರ ಹಜಾರದಲ್ಲಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿ ಟೋನಿ ಐಯೋಮಿ ಎಂಬ ಹದಿನೇಳರ ತರುಣನ ಬಲಗೈಯ ಎರಡು ಬೆರಳ ತುದಿಗಳು ಲೋಹದ ತಗಡಿನ ಯಂತ್ರಕ್ಕೆ ಸಿಕ್ಕಿ ತುಂಡಾದವು. ಆತ ಎಡಗೈಯಲ್ಲಿ ಮೀಟುವವನಾದ್ದರಿಂದ ತಂತಿಯನ್ನೊತ್ತಬೇಕಾದ ಕೈ ಬಲಗೈಯೇ. ಕರಗಿಸಿದ ಪ್ಲಾಸ್ಟಿಕ್ಕಿನಿಂದ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ತೆಳುವಾದ ತಂತಿ ಕಟ್ಟಿದ. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ತಗ್ಗಿಸಿದ. ಆ ಭಾರವಾದ ನಾದ ಅವನ ಬ್ಲ್ಯಾಕ್ ಸಬತ್ ತಂಡದ ಗುರುತಾಯಿತು. ಮೊದಲ ಆಲ್ಬಂ ಬಂದದ್ದು 1970ರಲ್ಲಿ. ಹಾಡುಗಾರರೂ ಡ್ರಮ್ಸ್ ವಾದಕರೂ ಎಷ್ಟೋ ಮಂದಿ ಬಂದು ಹೋದರು. ಕೊನೆಯವರೆಗೂ ಕದಲದೆ ಉಳಿದವನು ಐಯೋಮಿ ಒಬ್ಬನೇ. 2025ರ ಜುಲೈ 5ರಂದು ಮೊದಲಿನ ನಾಲ್ವರೂ ಹುಟ್ಟೂರಿನಲ್ಲಿ ಒಂದಾಗಿ ಕೊನೆಯ ಕಚೇರಿ ನಡೆಸಿದರು. ಅದಾದ ಹದಿನೇಳನೆಯ ದಿನ ಹಾಡುಗಾರ ಆಝಿ ಆಸ್ಬರ್ನ್ ತೀರಿಕೊಂಡರು.

ನಾನು ಕಸಿದುಕೊಂಡ ಕ್ಯಾಸೆಟ್ಟಿನ ತಂಡದ ಕಥೆಯೂ ಇಂಥದ್ದೇ. 1975ರ ಕ್ರಿಸ್‌ಮಸ್ ದಿನ ಪೂರ್ವ ಲಂಡನ್ನಿನಲ್ಲಿ ಬಾಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್ ಐರನ್ ಮೇಡನ್ ಕಟ್ಟಿದರು. 1980ರಲ್ಲಿ ಮೊದಲ ಆಲ್ಬಂ ಬರುವಷ್ಟರಲ್ಲಿ ಎಷ್ಟೋ ಮಂದಿ ಸೇರಿ, ಬಿಟ್ಟು ಹೋಗಿದ್ದರು. ಎರಡು ಆಲ್ಬಂಗಳಲ್ಲಿ ಹಾಡಿದ ಪಾಲ್ ಡಿಯಾನೊ ಅವರ ಜಾಗಕ್ಕೆ 1981ರಲ್ಲಿ ಬ್ರೂಸ್ ಡಿಕಿನ್ಸನ್ ಬಂದರು. ಮರುವರ್ಷದ ಆಲ್ಬಂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. 1990ರಲ್ಲಿ ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ಹೊರನಡೆದಾಗ ಯಾನಿಕ್ ಗರ್ಸ್ ಬಂದರು. 1993ರಲ್ಲಿ ಡಿಕಿನ್ಸನ್ನರೂ ಹೋದರು. 1999ರಲ್ಲಿ ಸ್ಮಿತ್, ಡಿಕಿನ್ಸನ್ ಇಬ್ಬರೂ ಮರಳಿದಾಗ ಅವರ ಜಾಗ ತುಂಬಿದ್ದ ಗರ್ಸ್ ಅವರನ್ನು ಹೊರಹಾಕಲಿಲ್ಲ. ಮೂರು ಗಿಟಾರುಗಳೇ ಇರಲಿ ಎಂದು ತೀರ್ಮಾನಿಸಿದರು. ನನಗೆ ಬಹಳ ಹಿಡಿಸಿದ ಸಂಗತಿಯಿದು. ಆದರೆ ಡಿಕಿನ್ಸನ್ ಇಲ್ಲದ ವರ್ಷಗಳಲ್ಲಿ ಎರಡು ಆಲ್ಬಂಗಳಿಗೆ ಹಾಡಿದ್ದ ಬ್ಲೇಜ಼್ ಬೇಯ್ಲಿ ಹೋಗಲೇಬೇಕಾಯಿತು. ತಂಡದ ಬಾಳಿನಲ್ಲಿ ಇಂತಹ ನೋವೂ ಉಂಟು. 2007ರ ಮಾರ್ಚ್ 17ರಂದು ಇದೇ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು.

ಆ ಹೊತ್ತಿಗೆ ಬೆಂಗಳೂರಿನಲ್ಲಿಯೇ ಇಂಥ ಸಂಗೀತ ಬೇರುಬಿಟ್ಟಿತ್ತು. 1980ರ ದಶಕದ ಕೊನೆಯ ಹೊತ್ತಿಗೇ ಮಿಲೇನಿಯಂ ಎಂಬ ತಂಡವಿತ್ತು. ಇಂದಿನ ಹಿರಿಯ ತಂಡ ಕ್ರಿಪ್ಟೋಸ್. ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ 'ಗುಪ್ತವಾದುದು' ಎಂದರ್ಥ. 1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಇದನ್ನು ಆರಂಭಿಸಿದರು. ನೋಲನ್ ಅವರದು ಗಿಟಾರ್, ಗಣೇಶ್ ಅವರದು ಬಾಸ್. ಆರಂಭದ ವರ್ಷಗಳಲ್ಲಿ ಹಾಡುವ ಹೊಣೆಯೂ ಗಣೇಶರದೇ. ಬಳಿಕ ಸೇರಿದ ರೋಹಿತ್ ಚತುರ್ವೇದಿ ಎರಡನೆಯ ಗಿಟಾರ್ ಹಿಡಿದರು. ಎರಡು ಗಿಟಾರುಗಳು ಒಂದೇ ರಾಗವನ್ನು ಬೇರೆ ಬೇರೆ ಸ್ಥಾಯಿಯಲ್ಲಿ ಜೊತೆಜೊತೆಯಾಗಿ ನಡೆಸುವ ಹಳೆಯ ಬ್ರಿಟಿಷ್ ಪದ್ಧತಿ ಅವರಿಗೆ ಪ್ರಿಯ.

ಮೊದಲ ಆಲ್ಬಂ 'ಸ್ಪೈರಲ್ ಅಸೆಂಟ್' ಹೊರಬರಲು 2004 ಆಗಬೇಕಾಯಿತು. ಆರು ವರ್ಷ! ಎರಡನೆಯದು, 'ದಿ ಆರ್ಕ್ ಆಫ್ ಜೆಮಿನೈ', 2008ರಲ್ಲಿ. 2010ರಲ್ಲಿ ಯುರೋಪಿನ ಪ್ರವಾಸ. 2012ರಲ್ಲಿ 'ದಿ ಕಾಯಿಲ್ಸ್ ಆಫ್ ಅಪೋಲಿಯನ್' ಬರುವ ವೇಳೆಗೆ ಗಣೇಶ್ ತಂಡದಲ್ಲಿರಲಿಲ್ಲ. ಬಾಸ್ ಗಿಟಾರ್ ಜಯವಂತ್ ತಿವಾರಿ ಅವರ ಕೈಸೇರಿತ್ತು. ನೋಲನ್ ಗಿಟಾರಿನೊಡನೆ ಹಾಡನ್ನೂ ವಹಿಸಿಕೊಂಡರು. ಡ್ರಮ್ಸ್ ಮುಂದಿನ ಆಸನದಲ್ಲಂತೂ ಹಲವರು ಕುಳಿತೆದ್ದರು: ರಯನ್ ಕೊಲಾಕೊ, ಆಂತೊನಿ ಹೂವರ್, ವಿಜಿತ್ ಸಿಂಗ್. 2016ರ 'ಬರ್ನ್ ಅಪ್ ದಿ ನೈಟ್' ಜರ್ಮನಿಯ ಎಎಫ್‌ಎಂ ಸಂಸ್ಥೆಯಿಂದ ಹೊರಬಂತು. ಅದೇ ದೇಶದ ವಾಕನ್ ಎಂಬ ಹಳ್ಳಿಯಲ್ಲಿ ಪ್ರತಿ ಬೇಸಿಗೆಯಲ್ಲಿ ಲೋಕದ ಮೆಟಲ್ ಪ್ರಿಯರೆಲ್ಲ ಸೇರುವ ಜಾತ್ರೆಯಲ್ಲಿಯೂ ಇವರು ನುಡಿಸಿದರು. 2019ರಲ್ಲಿ 'ಆಫ್ಟರ್‌ಬರ್ನರ್', 2021ರಲ್ಲಿ 'ಫೋರ್ಸ್ ಆಫ್ ಡೇಂಜರ್', 2024ರಲ್ಲಿ 'ಡೆಸಿಮೇಟರ್'. ಒಟ್ಟು ಏಳು.

ಈ ನಡುವೆ, ಬಿಟ್ಟುಹೋಗಿದ್ದ ಗಣೇಶ್ ಹಿಂದಿರುಗಿದರು. ಈಗ ಹಾಡುವವರು ನೋಲನ್, ಗಣೇಶರದು ಬಾಸ್. ತಾನೇ ಹಾಡುತ್ತಿದ್ದ ಮೇಳಕ್ಕೆ ಮರಳಿ ಬಂದು, ಇನ್ನೊಬ್ಬರ ಹಾಡಿಗೆ ಪಕ್ಕದಲ್ಲಿ ನಿಂತು ನುಡಿಸುವುದು ಸುಲಭವಲ್ಲ. ತಂಗಿಯ ಮೊಮ್ಮಗ ಹೇಳಿದ: "ಕರ್ಕಶ ಅಂತ ಎದ್ದು ಹೋಗ್ಬೇಡಿ ತಾತ. ಎರಡು ಗಿಟಾರ್ ಜೊತೆಗೆ ಹೋಗೋದನ್ನ ಮಾತ್ರ ಕೇಳಿ." ಹಾಗೆಯೇ ಕೇಳಿದೆ. ಮಾತು ಅರ್ಥವಾಗಲಿಲ್ಲ. ಆದರೆ ಎರಡು ದನಿಗಳು ಒಂದನ್ನೊಂದು ಬಿಡದೆ ಸಾಗುವುದು ಕಿವಿಗೆ ಸಿಕ್ಕಿತು. ನಮ್ಮೂರ ಹಬ್ಬದಲ್ಲಿ ತಮಟೆ, ನಗಾರಿಗಳ ಮುಂದೆ ಕಿವಿ ಮುಚ್ಚಿಕೊಳ್ಳದೆ ನಿಂತಿರುತ್ತಿದ್ದ ನಾನು ಇದನ್ನು ಮಾತ್ರ ಗದ್ದಲವೆಂದು ತಳ್ಳಿಹಾಕಿದ್ದು ಹೇಗೆ?

ಆಳು ಬದಲಾದ ಮೇಲೆ ತಂಡ ಅದೇ ತಂಡವೇ ಎಂದು ಕೆಲವರು ಕೇಳುವುದುಂಟು. ನಮ್ಮ ಸೀಮೆಯವರಿಗೆ ಈ ಪ್ರಶ್ನೆ ಹೊಸದಲ್ಲ. ಹಳ್ಳಿಯಲ್ಲಿ 'ಕುರುಕ್ಷೇತ್ರ' ನಾಟಕ ಕಟ್ಟುವುದನ್ನು ನೀವೆಲ್ಲ ಬಲ್ಲಿರಿ. ಒಂದು ವರ್ಷದ ಭೀಮ ಮುಂದಿನ ವರ್ಷ ಕೆಲಸ ಸಿಕ್ಕಿ ಮೈಸೂರಿಗೆ ಹೋಗಿರುತ್ತಾನೆ. ಶಕುನಿಗೆ ವಯಸ್ಸಾಗಿರುತ್ತದೆ. ಕೃಷ್ಣನ ಪಾತ್ರ ತಂದೆಯಿಂದ ಮಗನಿಗೆ ಬಂದಿರುತ್ತದೆ. ಹಾರ್ಮೋನಿಯಂ ಮೇಷ್ಟ್ರು ಮಾತ್ರ ಅವರೇ. ಹೊಸಬನ ಗಂಟಲಿಗೆ ಹಳೆಯ ಮಟ್ಟನ್ನು ತಿಂಗಳುಗಟ್ಟಲೆ ಕೂರಿಸುವವರು ಅವರೇ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯೂ ಹೀಗೆಯೇ ಬಾಳಿತು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ ಮೊದಲಾದವರು ಅಲ್ಲಿ ಪಳಗಿ ಸಿನಿಮಾಕ್ಕೆ ಹೋದರು. ವೀರಣ್ಣನವರ ಕಂಪನಿ ಗುಬ್ಬಿ ಕಂಪನಿಯಾಗಿಯೇ ಉಳಿಯಿತು.

ಐಯೋಮಿ, ಹ್ಯಾರಿಸ್, ನೋಲನ್ ಇವರೆಲ್ಲ ನನಗೆ ಆ ಹಾರ್ಮೋನಿಯಂ ಮೇಷ್ಟ್ರುಗಳಂತೆ ಕಾಣುತ್ತಾರೆ. ಒಬ್ಬ ಕದಲದೆ ಕೂರಬೇಕು. ಬಂದವನು ಹಳೆಯ ಮಟ್ಟಿಗೆ ಒಗ್ಗಬೇಕು, ಜೊತೆಗೆ ತನ್ನದೂ ಒಂದಿಷ್ಟು ಸೇರಿಸಬೇಕು. ಹೋದವನಿಗೆ ಬಾಗಿಲು ಹಾಕಿರಬಾರದು. ಇಷ್ಟಿದ್ದರೆ ಮೇಳ ಬಾಳುತ್ತದೆ. ನಾನು ದುಡಿದ ಶಾಲೆಗಳೂ ಹಾಗೆಯೇ ಬಾಳಿದವು; ಪ್ರತಿ ಜೂನಿನಲ್ಲಿ ಹೊಸ ಮುಖಗಳು, ಅದೇ ಗಂಟೆ.

ಆ ಧ್ವನಿಸುರುಳಿ ಎಲ್ಲಿ ಹೋಯಿತೋ ತಿಳಿಯದು. ವರ್ಗವಾಗಿ ಹೊರಟಾಗ ಖಾನೆ ಬರಿದು ಮಾಡಿದ ನೆನಪಿದೆ. ಅದು ಅಲ್ಲಿತ್ತೇ ಎಂಬುದರ ನೆನಪಿಲ್ಲ. ಪರೀಕ್ಷೆಯ ನಂತರ ಆ ಹುಡುಗ ಎರಡು ಸಲ ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ಬಂದು ನಿಂತಿದ್ದ. ನಾನು ತಲೆಯೆತ್ತಲಿಲ್ಲ. ಅವನು ಕೇಳಲೂ ಇಲ್ಲ.

ಅಪ್ಪಾ, ನೀನು ಇದನ್ನು ಓದುತ್ತಿದ್ದರೆ ನಿನ್ನ ಮೇಷ್ಟ್ರನ್ನು ಕ್ಷಮಿಸು. ಬೂಕನಕೆರೆಗೆ ಬಂದಾಗ ಮನೆಗೆ ಬಾ. ಆ ಕ್ಯಾಸೆಟ್ಟಿನಲ್ಲಿ ನಿನಗೆ ಪ್ರಿಯವಾಗಿದ್ದ ಹಾಡು ಯಾವುದೆಂದು ಹೇಳು. ಈ ಸಲ ಕುಳಿತು ಪೂರ್ತಿ ಕೇಳುತ್ತೇನೆ.