ಶಿಶುವಿನ ಡಬ್ಬಿಹಾಲಿನಲ್ಲಿ ಸಕ್ಕರೆ: ಒಂದು ಚಾರಿತ್ರಿಕ ವಿಚಾರ

ತಾಯಿಹಾಲಿಲ್ಲದ ಕೂಸಿಗೆ ಏನನ್ನು ಕುಡಿಸತಕ್ಕುದೆಂಬುದು ಎಲ್ಲ ದೇಶಗಳಲ್ಲಿಯೂ ಪುರಾತನವಾದ ಚಿಂತೆ. ಹಸುವಿನ ಹಾಲಿಗೆ ಸಕ್ಕರೆ ಬೆರೆಸುವ ರೂಢಿಗೆ ಯುಕ್ತವಾದ ಕಾರಣವೊಂದುಂಟು. ತಾಯಿಹಾಲಿನಲ್ಲಿ ಕ್ಷೀರಶರ್ಕರವು ನೂರಕ್ಕೆ ಸುಮಾರು ೭ ಭಾಗ. ಹಸುವಿನ ಹಾಲಿನಲ್ಲಿ ೫ಕ್ಕೂ ಕಡಿಮೆ. ನೀರು ಬೆರೆಸಿದಾಗ ಅದು ಇನ್ನೂ ಇಳಿಯುತ್ತದೆ. ಈ ಕೊರತೆಯನ್ನು ತುಂಬಲು ವೈದ್ಯರು ಕೊಂಚ ಸಕ್ಕರೆಯನ್ನು ವಿಧಿಸುತ್ತಿದ್ದರು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಡಬ್ಬಿಹಾಲಿನೊಡನೆ ಬಂದ ಸಕ್ಕರೆಯ ಚರಿತ್ರೆಯು ಬೇರೆ.

ಅಮೆರಿಕದ ಗೇಲ್ ಬೋರ್ಡನ್ನನು ನಿರ್ವಾತ ಪಾತ್ರೆಯಲ್ಲಿ ಹಾಲನ್ನು ಬತ್ತಿಸುವ ವಿಧಾನಕ್ಕೆ ೧೮೫೬ರಲ್ಲಿ ಪೇಟೆಂಟು ಪಡೆದನು. ಬತ್ತಿಸಿದ ಹಾಲಿಗೆ ಹೇರಳವಾಗಿ ಸಕ್ಕರೆ ಸೇರಿಸಿದರೆ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರು ದೊರೆಯದೆ ಹಾಲು ಬಹುಕಾಲ ಕೆಡದೆ ನಿಲ್ಲುವುದು. ಇಂಥ ಡಬ್ಬಿಯಲ್ಲಿ ನೂರಕ್ಕೆ ೪೦ಕ್ಕೂ ಮೇಲ್ಪಟ್ಟ ಭಾಗ ಹೀಗೆ ಸೇರಿಸಿದ ಸಕ್ಕರೆಯೇ. ಅಮೆರಿಕದ ಅಂತರ್ಯುದ್ಧದಲ್ಲಿ (೧೮೬೧–೬೫) ಸೈನ್ಯಕ್ಕೆ ಒದಗಿದ ಈ ಹಾಲು ಅನಂತರ ತೊಟ್ಟಿಲಿಗೂ ಬಂದಿತು. ೧೮೬೭ರಲ್ಲಿ ಸ್ವಿಟ್ಜರ್ಲೆಂಡಿನ ವೆವೆ ಪಟ್ಟಣದಲ್ಲಿ ಆನ್ರಿ ನೆಸ್ಲೆಯು ಹಾಲು, ಗೋಧಿಹಿಟ್ಟು, ಸಕ್ಕರೆಗಳಿಂದ ಶಿಶುಗಳಿಗೆಂದೇ ಒಂದು ಹಿಟ್ಟನ್ನು ಸಿದ್ಧಪಡಿಸಿದನು.

ಡಬ್ಬಿಹಾಲಿನ ದೋಷವು ಲೆಕ್ಕದಿಂದಲೇ ಸ್ಪಷ್ಟವಾಗುತ್ತದೆ. ಕಡಿಮೆ ನೀರು ಬೆರೆಸಿದರೆ ಸಕ್ಕರೆ ಮಿತಿಮೀರುವುದು. ಸಿಹಿಯು ಹದಕ್ಕೆ ಬರುವಷ್ಟು ನೀರು ಬೆರೆಸಿದರೆ ಕೊಬ್ಬೂ ಸಸಾರಜನಕವೂ ಸಾಲದೆಹೋಗುವುವು. ಸಿಹಿಯುಂಡ ಕೂಸು ಸುಮ್ಮನೆ ಮಲಗುವುದು, ಮೈತುಂಬಿದಂತೆಯೂ ತೋರುವುದು. ಆದುದರಿಂದ ತಾಯಿಗೆ ಅನುಮಾನ ಹುಟ್ಟದು. ಕೆನೆ ತೆಗೆದ ಹಾಲಿನ ಡಬ್ಬಿಯು ಇನ್ನೂ ಅಗ್ಗ. ಅದನ್ನು ಕೊಂಡವರು ಬಡವರು. ಕೆನೆಯೊಡನೆ ಎ ಜೀವಸತ್ವವೂ ಹೋಗುವುದರಿಂದ, ಅದನ್ನೇ ನಂಬಿದ ಶಿಶುವಿಗೆ ಕಣ್ಣು ಕಳೆದುಕೊಳ್ಳುವ ಭಯವೂ ಇದ್ದಿತು. ಬ್ರಿಟನ್ನಿನಲ್ಲಿ ೧೯೨೩ರ ನಿಯಮಗಳು ಇಂಥ ಡಬ್ಬಿಗಳ ಮೇಲೆ ‘ಶಿಶುಗಳಿಗೆ ಯೋಗ್ಯವಲ್ಲ’ವೆಂಬ ಅರ್ಥದ ಚೀಟಿಯನ್ನು ಕಡ್ಡಾಯಗೊಳಿಸಿದುವು. ಓದುಬಾರದ ತಾಯಿಗೆ ಆ ಚೀಟಿಯಿಂದ ಏನು ಪ್ರಯೋಜನ?

ಈ ಪ್ರಶ್ನೆಯ ತೀಕ್ಷ್ಣತೆಯನ್ನು ಲೋಕಕ್ಕೆ ಕಾಣಿಸಿದವರು ವೈದ್ಯೆ ಸಿಸಿಲಿ ವಿಲಿಯಮ್ಸರು. ಮಲಯಾದಲ್ಲಿ ಸೇವೆಯಲ್ಲಿದ್ದ ಅವರು ೧೯೩೯ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ ‘ಹಾಲು ಮತ್ತು ಕೊಲೆ’ ಎಂಬ ಉಪನ್ಯಾಸವನ್ನು ಕೊಟ್ಟರು. ತಾಯಂದಿರನ್ನು ಮೊಲೆಹಾಲಿನಿಂದ ಡಬ್ಬಿಹಾಲಿಗೆ ತಿರುಗಿಸುವ ಪ್ರಚಾರದಿಂದ ಸಂಭವಿಸುವ ಶಿಶುಮರಣಗಳನ್ನು ಕೊಲೆಯೆಂದೇ ಎಣಿಸಬೇಕೆಂಬುದು ಅವರ ವಾದ.

ಈ ವಾದವು ಕಾನೂನಿನ ರೂಪಕ್ಕೆ ಬರಲು ದಶಕಗಳೇ ಹಿಡಿದುವು. ೧೯೮೧ರಲ್ಲಿ ವಿಶ್ವ ಆರೋಗ್ಯ ಸಭೆಯು ತಾಯಿಹಾಲಿನ ಬದಲಿವಸ್ತುಗಳ ಮಾರಾಟಕ್ಕೆ ಸಂಹಿತೆಯನ್ನು ಅಂಗೀಕರಿಸಿತು. ಭಾರತವು ೧೯೯೨ರಲ್ಲಿ ಶಾಸನವನ್ನು ಮಾಡಿ ೨೦೦೩ರಲ್ಲಿ ತಿದ್ದಿ ಬಿಗಿಗೊಳಿಸಿತು. ಪ್ರಚಾರಕ್ಕೆ ತಡೆಬಿದ್ದರೂ ಸಕ್ಕರೆಯು ಹಿಂದೆಗೆಯಲಿಲ್ಲ. ಭಾರತದಲ್ಲಿ ಮಾರಾಟವಾಗುವ ಸೆರೆಲ್ಯಾಕ್ ಹಿಟ್ಟಿನ ಒಂದೊಂದು ಉಣಿಸಿನಲ್ಲಿ ಸರಾಸರಿ ೩ ಗ್ರಾಮಿನಷ್ಟು ಸಕ್ಕರೆ ಸೇರಿಸಲ್ಪಟ್ಟಿರುವುದನ್ನೂ, ಜರ್ಮನಿ, ಬ್ರಿಟನ್ನುಗಳಲ್ಲಿ ಅಂಥದೇ ಹಿಟ್ಟು ಸಕ್ಕರೆಯಿಲ್ಲದೆ ದೊರೆಯುವುದನ್ನೂ ಪಬ್ಲಿಕ್ ಐ ಎಂಬ ಸ್ವಿಸ್ ಸಂಸ್ಥೆಯು ೨೦೨೪ರಲ್ಲಿ ಪ್ರಕಟಿಸಿತು.

ಹಾಲನ್ನು ಕಾಯಲೆಂದು ಬಂದ ಸಕ್ಕರೆಯು ಒಣಹಿಟ್ಟಿನಲ್ಲಿ ಆ ಕೆಲಸಕ್ಕೂ ಬೇಕಿಲ್ಲ. ನಾಲಗೆಯನ್ನು ಒಲಿಸಿಕೊಳ್ಳುವುದೊಂದೇ ಅದಕ್ಕೆ ಉಳಿದ ಕೆಲಸ. ಆ ನಾಲಗೆಯಾದರೋ ಇನ್ನೂ ಮಾತು ಬಾರದುದು; ಅದರ ಪರವಾಗಿ ಕೇಳಬೇಕಾದವರು ನಾವು.