ಎರಡನೆಯ ಮನೆಯ ಸುಂಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಮಾತನ್ನು ಮೊದಲು ಆಡಿದವರು ಸಬ್ ರಿಜಿಸ್ಟ್ರಾರರ ಕಚೇರಿಯನ್ನು ಕಂಡಿರಲಾರರು. ಕಂಡಿದ್ದರೆ ‘ಕ್ರಯಪತ್ರ ಮಾಡಿಸಿ ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರು. ಮನೆಯ ಬೆಲೆಯ ಜೊತೆಗೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಎಂದು ಒಂದಿಷ್ಟು ಹಣವನ್ನು ಬೇರೆ ತೆಗೆದಿಡಬೇಕೆಂಬುದು ಮನೆ ಕೊಂಡ ಪ್ರತಿಯೊಬ್ಬ ಗೃಹಸ್ಥನಿಗೂ ಗೊತ್ತು.

ನಮ್ಮ ರಾಜ್ಯದ 1957ರ ಮುದ್ರಾಂಕ ಕಾಯಿದೆ ಸೊತ್ತಿನ ಮೌಲ್ಯವನ್ನು ನೋಡಿ ಶುಲ್ಕ ವಿಧಿಸುತ್ತದೆ. ಕೊಳ್ಳುವವನಿಗೆ ಇದು ಎಷ್ಟನೆಯ ಮನೆ ಎಂಬ ಲೆಕ್ಕದ ಮೇಲೆ ಏರುವ ದರ ಅದರಲ್ಲಿಲ್ಲ. ಆದರೆ 2016ರಿಂದ ಈಚೆಗೆ ಬ್ರಿಟನ್ನಿನಲ್ಲಿ ಮನೆ ಕೊಳ್ಳುವವನು ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಬೇಕಾಗಿದೆ: ‘ಅಯ್ಯಾ, ನಿನಗೆ ಈಗಾಗಲೇ ಮನೆ ಇದೆಯೇ?’ ಇದೆ ಎಂದರೆ ಹೆಚ್ಚಿನ ಸುಂಕ. ಈ ಪ್ರಶ್ನೆ ಹುಟ್ಟಿದ್ದೇಕೆ, ಅದರಿಂದ ಆದದ್ದೇನು ಎಂಬುದನ್ನು ತಿಳಿಯಬೇಕಾದರೆ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ದಸ್ತಾವೇಜಿನ ಮೇಲೆ ಮುದ್ರೆಯೊತ್ತಿ ಹಣ ವಸೂಲು ಮಾಡುವ ಉಪಾಯ ಇಂಗ್ಲಿಷರದಲ್ಲ, ಡಚ್ಚರದು. 1624ರಲ್ಲಿ ಅದು ಹಾಲೆಂಡಿನಲ್ಲಿ ಜಾರಿಗೆ ಬಂದಿತು. ಎಪ್ಪತ್ತು ವರ್ಷಗಳ ಮೇಲೆ, 1694ರಲ್ಲಿ, ಹಾಲೆಂಡಿನಿಂದಲೇ ಬಂದು ಇಂಗ್ಲೆಂಡಿನ ಸಿಂಹಾಸನವನ್ನೇರಿದ್ದ ಮೂರನೆಯ ವಿಲಿಯಂ ದೊರೆಗೆ ಫ್ರಾನ್ಸಿನ ಮೇಲಣ ಯುದ್ಧಕ್ಕೆ ಹಣ ಬೇಕಾಯಿತು. ಚರ್ಮಪತ್ರ, ಕಾಗದಗಳ ಮೇಲಣ ದಸ್ತಾವೇಜುಗಳಿಗೆ ಸುಂಕ ಹಾಕುವ ಕಾನೂನು ಆಗ ಪಾರ್ಲಿಮೆಂಟಿನಲ್ಲಿ ಪಾಸಾಯಿತು. ಅದರ ಅವಧಿ ಕೇವಲ ನಾಲ್ಕು ವರ್ಷ ಎಂದು ಕಾನೂನಿನಲ್ಲಿಯೇ ಬರೆದಿತ್ತು. ಯುದ್ಧ ಮುಗಿಯಿತು, ದೊರೆ ತೀರಿಕೊಂಡ, ಸುಂಕ ಮಾತ್ರ ಉಳಿಯಿತು. ಒಮ್ಮೆ ಬಂದ ನೆಂಟ ಹೊರಡಲೇ ಇಲ್ಲ!

ಇದೇ ಸುಂಕವನ್ನು 1765ರಲ್ಲಿ ಅಮೆರಿಕದ ವಸಾಹತುಗಳ ಮೇಲೆ ಹೇರಲು ಹೋಗಿ ಇಂಗ್ಲೆಂಡು ಕೈಸುಟ್ಟುಕೊಂಡಿತು. ಮರುವರ್ಷವೇ ಅದನ್ನು ರದ್ದುಮಾಡಬೇಕಾಯಿತು. ನಮ್ಮ ದೇಶಕ್ಕೆ ಕಂಪನಿ ಸರ್ಕಾರ ಅದನ್ನು ತಂದದ್ದು 1797ರಲ್ಲಿ, ಬಂಗಾಳ ಪ್ರಾಂತ್ಯದಲ್ಲಿ. ಅಲ್ಲಿಂದ ಬೆಳೆದು ಅದು 1899ರ ಭಾರತೀಯ ಮುದ್ರಾಂಕ ಕಾಯಿದೆಯಾಯಿತು. ನಾವು ‘ಛಾಪಾ ಕಾಗದ’ವೆಂದು ಕರೆಯುವ ವಸ್ತುವಿನ ವಂಶಾವಳಿ ಇದು.

ಮನೆಯನ್ನು ನೋಡಿ ತೆರಿಗೆ ಹಾಕುವ ಇನ್ನೊಂದು ವಿಚಿತ್ರ ಪದ್ಧತಿಯೂ ಅದೇ ವಿಲಿಯಂ ದೊರೆಯ ಕಾಲದ್ದೇ. 1696ರಲ್ಲಿ ಇಂಗ್ಲೆಂಡಿನಲ್ಲಿ ಕಿಟಕಿ ತೆರಿಗೆ ಬಂದಿತು. ಮನೆಯೊಡೆಯನ ಆದಾಯವೆಷ್ಟೆಂದು ಕೇಳಿದರೆ ಜನ ರೇಗುತ್ತಾರೆ. ಕಿಟಕಿಗಳನ್ನಾದರೆ ಬೀದಿಯಲ್ಲಿ ನಿಂತೇ ಎಣಿಸಬಹುದು. ಜನರೇನು ಕಡಿಮೆಯೇ? ಸರ್ಕಾರ ಚಾಪೆಯ ಕೆಳಗೆ ತೂರಿದರೆ ಅವರು ರಂಗೋಲಿಯ ಕೆಳಗೆ ತೂರಿದರು. ಕಿಟಕಿಗಳಿಗೆ ಇಟ್ಟಿಗೆ ಕಟ್ಟಿಸಿ ಮುಚ್ಚಿಸಿಬಿಟ್ಟರು. ಗಾಳಿ ಬೆಳಕುಗಳಿಲ್ಲದೆ ರೋಗ ಹೆಚ್ಚುತ್ತದೆಂದು ವೈದ್ಯರು ಕೂಗಿಕೊಂಡ ಮೇಲೆ, 1851ರಲ್ಲಿ ಆ ತೆರಿಗೆ ಹೋಯಿತು. ತೆರಿಗೆ ಬರಿಯ ಬೊಕ್ಕಸವನ್ನು ತುಂಬುವುದಿಲ್ಲ, ಜನರ ನಡತೆಯನ್ನೂ ಬದಲಿಸುತ್ತದೆ ಎಂಬ ಪಾಠವನ್ನು ಆ ಮುಚ್ಚಿದ ಕಿಟಕಿಗಳು ಕಲಿಸಿದವು. ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಅವನ್ನು ಈಗಲೂ ನೋಡಬಹುದು.

ಇನ್ನು ಎರಡನೆಯ ಮನೆಯ ವಿಚಾರಕ್ಕೆ ಬರೋಣ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟನ್ನಿನ ನಗರಗಳಲ್ಲಿ ಕೈತುಂಬ ಸಂಪಾದಿಸುವವರು ಕಡಲ ತೀರದಲ್ಲೋ ಬೆಟ್ಟದ ತಪ್ಪಲಿನಲ್ಲೋ ರಜಾಕಾಲಕ್ಕೆಂದು ಒಂದು ಮನೆ ಕೊಳ್ಳುವ ರೂಢಿ ಬೆಳೆಯಿತು. ಕಾರ್ನ್‌ವಾಲಿನ ಬೆಸ್ತರ ಊರುಗಳಲ್ಲಿ, ವೇಲ್ಸಿನ ಹಳ್ಳಿಗಳಲ್ಲಿ ಬೇಸಗೆಯಲ್ಲಿ ದೀಪ ಬೆಳಗಿ ಚಳಿಗಾಲದಲ್ಲಿ ಬೀಗ ಬೀಳುವ ಮನೆಗಳು ಹೆಚ್ಚಿದವು. ನಗರದವನು ಕೊಡುವ ಬೆಲೆಯನ್ನು ಊರಿನ ಹುಡುಗ ಕೊಡಲಾರ. ಅವನು ಮದುವೆಯಾಗಿ ಸಂಸಾರ ಹೂಡಬೇಕಾದರೆ ಹುಟ್ಟಿದೂರನ್ನೇ ಬಿಡಬೇಕು. ಮಕ್ಕಳಿಲ್ಲದೆ ಶಾಲೆ ಬಡವಾಗುತ್ತದೆ; ಗಿರಾಕಿಗಳಿಲ್ಲದೆ ಅಂಗಡಿ ಮುಚ್ಚುತ್ತದೆ.

ವೇಲ್ಸಿನಲ್ಲಿ ಇದು ಭಾಷೆಯ ಪ್ರಶ್ನೆಯೂ ಆಯಿತು. ವೇಲ್ಸ್ ನುಡಿಯಾಡುವ ಕುಟುಂಬ ಹೊರಟು ಹೋದ ಮನೆಗೆ ಇಂಗ್ಲಿಷ್ ಮಾತನಾಡುವ ಬೇಸಗೆಯ ಅತಿಥಿ ಬಂದರೆ ಊರಿನ ನುಡಿ ಉಳಿಯುವುದೆಂತು? ಈ ಅಸಮಾಧಾನ ಕೆಟ್ಟ ದಾರಿಯನ್ನೂ ಹಿಡಿಯಿತು. 1979ರ ಡಿಸೆಂಬರಿನಲ್ಲಿ ಇಂತಹ ಖಾಲಿ ಮನೆಗಳಿಗೆ ಬೆಂಕಿಯಿಡುವ ಗುಪ್ತ ಚಳವಳಿ ಮೊದಲಾಗಿ, ಮುಂದಿನ ಹನ್ನೆರಡು ಹದಿಮೂರು ವರ್ಷಗಳಲ್ಲಿ ಇನ್ನೂರಕ್ಕೂ ಮಿಕ್ಕಿ ಮನೆಗಳು ಬೆಂಕಿಗೆ ತುತ್ತಾದವು.

ಆ ಕಾಲದಲ್ಲಿ ಸರ್ಕಾರದ ರೀತಿ ಹೇಗಿತ್ತು ಬಲ್ಲಿರಾ? ಎರಡನೆಯ ಮನೆಗೆ ದಂಡವಿರಲಿ, ರಿಯಾಯಿತಿ ಇತ್ತು! 1993ರಲ್ಲಿ ಬಂದ ಪೌರಸಭಾ ತೆರಿಗೆಯಲ್ಲಿ, ಯಾರೂ ನೆಲಸದ ಮನೆಗೆ ಊರಿನ ಸೌಕರ್ಯದ ಬಳಕೆ ಕಡಿಮೆಯೆಂದು ಅರ್ಧದಷ್ಟು ಸೋಡಿ ಬಿಡುತ್ತಿದ್ದರು. ಇಂಗ್ಲೆಂಡಿನಲ್ಲಿ 2004ರಿಂದ ಅದನ್ನು ಶೇಕಡ 10ಕ್ಕೆ ಇಳಿಸಲು, 2013ರಿಂದ ಪೂರ್ತಿ ತೆಗೆದುಹಾಕಲು ಸ್ಥಳೀಯ ಸಭೆಗಳಿಗೆ ಅಧಿಕಾರ ದೊರೆಯಿತು. 2025ರ ಏಪ್ರಿಲಿನಿಂದ ಒಂದಕ್ಕೆ ಎರಡರಷ್ಟು ವಸೂಲು ಮಾಡುವ ಅಧಿಕಾರವೂ ಬಂದಿತು. ರಿಯಾಯಿತಿಯಿಂದ ದಂಡದವರೆಗಿನ ಈ ಹಾದಿಗೆ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹಿಡಿಯಿತು.

ಈ ಹಾದಿಯ ನಡುವೆ ಬಂದದ್ದೇ ಕೊಳ್ಳುವಾಗಿನ ಹೆಚ್ಚುವರಿ ಸುಂಕ. 2015ರ ನವೆಂಬರ್ 25ರಂದು ಅರ್ಥಮಂತ್ರಿ ಜಾರ್ಜ್ ಆಸ್‌ಬಾರ್ನ್ ಅವರು ಅದನ್ನು ಪ್ರಕಟಿಸಿದರು. 2016ರ ಏಪ್ರಿಲ್ 1ರಿಂದ, ಮನೆಯುಳ್ಳವರು ಇನ್ನೊಂದು ಮನೆ ಕೊಂಡರೆ ಸಾಮಾನ್ಯ ಸುಂಕದ ಮೇಲೆ ಶೇಕಡ 3ರಷ್ಟು ಹೆಚ್ಚಿಗೆ ತೆರಬೇಕು. ಇದು ರಜಾ ಮನೆಗೆ ಮಾತ್ರವಲ್ಲ, ಬಾಡಿಗೆಗೆ ಕೊಡಲು ಕೊಳ್ಳುವ ಮನೆಗೂ ಅನ್ವಯಿಸಿತು. ನಾಲ್ಕು ತಿಂಗಳ ಗಡುವು ದೊರೆತದ್ದರಿಂದ ಮಾರ್ಚ್ ತಿಂಗಳಲ್ಲಿ ಕ್ರಯಪತ್ರ ಮಾಡಿಸಿಕೊಳ್ಳಲು ನೂಕುನುಗ್ಗಲಾಯಿತು.

ಒಂದು ಲೆಕ್ಕವನ್ನು ನೋಡಿ. ಮೂರು ಲಕ್ಷ ಪೌಂಡಿನ ಮನೆಗೆ, ಬೇರೆ ಮನೆಯಿಲ್ಲದವನು 2016ರಲ್ಲಿ ಕೊಡುತ್ತಿದ್ದ ಸುಂಕ 5,000 ಪೌಂಡು. ಮನೆಯಿದ್ದವನಿಗೆ ಪೂರ್ತಿ ಬೆಲೆಯ ಮೇಲೆ ಶೇಕಡ 3 ಸೇರಿ 14,000 ಪೌಂಡು. 2024ರ ಅಕ್ಟೋಬರ್ 31ರಿಂದ ಹೆಚ್ಚುವರಿ ದರ ಶೇಕಡ 5ಕ್ಕೆ ಏರಿತು. ಸಾಮಾನ್ಯ ಸುಂಕದ ದರಗಳು 2025ರ ಏಪ್ರಿಲಿನಲ್ಲಿ ಹಳೆಯ ಮಟ್ಟಕ್ಕೆ ಮರಳಿದ ಬಳಿಕ ಅದೇ ಮನೆಗೆ ತಗಲುವ ಒಟ್ಟು ಮೊತ್ತ 20,000 ಪೌಂಡು. ತನ್ನದೇ ಭೂಸುಂಕದ ಕಾನೂನುಳ್ಳ ಸ್ಕಾಟ್ಲೆಂಡು ಶೇಕಡ 3ರಿಂದ ಹೊರಟು 2024ರ ಡಿಸೆಂಬರಿನಲ್ಲಿ ಶೇಕಡ 8ನ್ನು ಮುಟ್ಟಿತು.

ಕಾನೂನು ಮಾಡುವುದು ಸುಲಭ, ಮನೆಯೆಂದರೇನೆಂದು ಹೇಳುವುದು ಕಷ್ಟ. ಹಳೆಯ ಮನೆ ಮಾರುವ ಮೊದಲೇ ಹೊಸದನ್ನು ಕೊಂಡವನ ಗತಿಯೇನು? ಅವನು ಮೊದಲು ಸುಂಕ ಕೊಡಬೇಕು. ಮೂರು ವರ್ಷದೊಳಗೆ ಹಳೆಯದನ್ನು ಮಾರಿದರೆ ಹಣ ವಾಪಸು. ಗಂಡ ಹೆಂಡಿರಿಬ್ಬರೂ ಸೇರಿ ಒಂದೇ ಲೆಕ್ಕ. ಪಿತ್ರಾರ್ಜಿತವಾಗಿ ಬಂದ ಪಾಲು ಅರ್ಧವನ್ನು ಮೀರದಿದ್ದರೆ ಮೂರು ವರ್ಷ ಗಣನೆಗಿಲ್ಲ. ಆದರೆ ಮಗಳ ಮೊದಲ ಮನೆಗೆ ನೆರವಾಗಲೆಂದು, ಸ್ವಂತ ಮನೆಯಿರುವ ತಂದೆ ಕ್ರಯಪತ್ರದಲ್ಲಿ ತನ್ನ ಹೆಸರನ್ನೂ ಸೇರಿಸಿದನೋ, ಪೂರ್ತಿ ಬೆಲೆಯ ಮೇಲೆ ಹೆಚ್ಚುವರಿ ಸುಂಕ ಬೀಳುತ್ತದೆ.

ಇಲ್ಲಿ ನಮ್ಮವರಿಗೂ ಸಂಬಂಧಪಟ್ಟ ಒಂದು ವಿಧಿಯಿದೆ. ಇಂಗ್ಲೆಂಡಿನ ಕಾನೂನು ಮನೆಗಳನ್ನು ಎಣಿಸುವಾಗ ಲೋಕದ ಯಾವ ಮೂಲೆಯಲ್ಲಿದ್ದರೂ ಎಣಿಸುತ್ತದೆ. ಮೈಸೂರಿನಲ್ಲೋ ಧಾರವಾಡದಲ್ಲೋ ಮನೆಯಿಟ್ಟುಕೊಂಡು ಲಂಡನ್ನಿಗೆ ಉದ್ಯೋಗಕ್ಕೆ ಹೋದ ಕನ್ನಡಿಗನೊಬ್ಬನನ್ನು ನೆನೆಯಿರಿ. ಊರಿನ ಮನೆಯಲ್ಲಿ ಅವನ ಪಾಲಿನ ಬೆಲೆ 40,000 ಪೌಂಡು ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಅವನು ಅಲ್ಲಿ ಕೊಳ್ಳುವ ಮೊದಲ ಮನೆ ಕಾನೂನಿನ ಕಣ್ಣಿಗೆ ಎರಡನೆಯದು. ಊರಿನ ಮನೆಯಲ್ಲಿ ವಯಸ್ಸಾದ ತಾಯಿ ತಂದೆಯರಿದ್ದಾರೆ, ಅದು ವಿಲಾಸಕ್ಕೆ ಕೊಂಡದ್ದಲ್ಲ ಎಂದರೆ ಕಾನೂನು ಕೇಳುವುದಿಲ್ಲ. ಅದಕ್ಕೆ ಎಣಿಸುವುದು ಗೊತ್ತು, ಕಾರಣ ವಿಚಾರಿಸುವುದು ಗೊತ್ತಿಲ್ಲ.

ಹಾಗಾದರೆ ಊರಿನ ಹುಡುಗನಿಗೆ ಮನೆ ಸಿಕ್ಕಿತೇ? ಈ ವರಮಾನದಲ್ಲಿ 6 ಕೋಟಿ ಪೌಂಡುಗಳನ್ನು, ಇಂತಹ ಮನೆಗಳಿಂದ ತೊಂದರೆಗೊಳಗಾದ ಊರುಗಳ ಗೃಹನಿರ್ಮಾಣಕ್ಕೆ ಮೀಸಲಿಡುವುದಾಗಿ ಸರ್ಕಾರ 2016ರಲ್ಲಿ ಸಾರಿತು. ಆದರೂ ಕಾರ್ನ್‌ವಾಲಿನ ಸೇಂಟ್ ಐವ್ಸ್ ಪಟ್ಟಣದವರಿಗೆ ಇಷ್ಟೇ ಸಾಲದೆಂದು ತೋರಿತು. ಹೊಸದಾಗಿ ಕಟ್ಟುವ ಮನೆಗಳು ಅಲ್ಲಿಯೇ ಮುಖ್ಯವಾಗಿ ವಾಸಿಸುವವರಿಗೆ ಮಾತ್ರ ಎಂಬ ಯೋಜನೆಗೆ ಅವರು ಅದೇ ವರ್ಷದ ಮೇ ತಿಂಗಳಲ್ಲಿ ಮತ ಹಾಕಿದರು. ಶೇಕಡ 83ರಷ್ಟು ಮತಗಳು ಪರವಾಗಿ ಬಿದ್ದವು.

ಪೂರ್ವ ದೇಶಗಳ ಅನುಭವವೂ ಒಂದೇ ತೆರನಾಗಿಲ್ಲ. ಸಿಂಗಪುರವು 2011ರಲ್ಲಿ ಇಂತಹ ಸುಂಕವನ್ನು ಹೂಡಿ ಮತ್ತೆ ಮತ್ತೆ ಏರಿಸಿತು. 2023ರ ಏಪ್ರಿಲಿನಲ್ಲಿ ಅದು ನಾಗರಿಕನ ಎರಡನೆಯ ಮನೆಗೆ ಶೇಕಡ 20, ಮೂರನೆಯದಕ್ಕೆ ಶೇಕಡ 30, ಪರದೇಶದವನಿಗೆ ಶೇಕಡ 60 ಆಯಿತು. ಹಾಂಗ್‌ಕಾಂಗ್ ಕೂಡ 2016ರಲ್ಲಿ ಶೇಕಡ 15ರ ದರವನ್ನು ತಂದಿತ್ತು. ಮನೆಗಳ ಬೆಲೆ ಕುಸಿಯತೊಡಗಿದಾಗ 2024ರ ಫೆಬ್ರವರಿಯಲ್ಲಿ ಇಂತಹ ಸುಂಕಗಳನ್ನೆಲ್ಲ ಕೈಬಿಟ್ಟಿತು.

ಈ ಸುಂಕದ ಮಿತಿಯೂ ನಮಗೆ ಕಾಣಬೇಕು. ಇದು ಮುಂದೆ ಕೊಳ್ಳುವವನನ್ನು ತಡೆಯುತ್ತದೆ. ಹಿಂದೆಯೇ ಕೊಂಡು ಬೀಗ ಹಾಕಿದವನನ್ನು ಮುಟ್ಟುವುದಿಲ್ಲ. ಬಾಡಿಗೆ ಮನೆಗಳ ಮೇಲೂ ಬೀಳುವುದರಿಂದ, ಕೊಳ್ಳುವ ಶಕ್ತಿಯೇ ಇಲ್ಲದ ಬಾಡಿಗೆದಾರನಿಗೆ ಮನೆ ವಿರಳವಾಗುತ್ತದೆಂದು ಮಾಲೀಕರು ವಾದಿಸುತ್ತಾರೆ. ಆ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಒಂದು ಕಾಲದಲ್ಲಿ ಯುದ್ಧದ ಖರ್ಚಿಗೆಂದು ಹುಟ್ಟಿದ ಸುಂಕ ಇಂದು ಮನೆ ಯಾರಿಗಾಗಿ ಎಂದು ಕೇಳತೊಡಗಿದೆಯೆಂಬುದು ಸಣ್ಣ ಬದಲಾವಣೆಯಲ್ಲ.

ನೀವು ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಬೀದಿಯನ್ನು ಒಮ್ಮೆ ನಿಧಾನವಾಗಿ ನೋಡಿರಿ. ಎಷ್ಟು ಬಾಗಿಲಿಗೆ ಬೀಗ ಬಿದ್ದಿದೆ, ಎಷ್ಟು ಮನೆಯ ಮುಂದೆ ಬೆಳಗಿನ ರಂಗೋಲಿ ಇದೆ? ಈ ಲೆಕ್ಕವನ್ನು ಸರ್ಕಾರ ಮಾಡುವ ಮೊದಲು ಊರಿನವರೇ ಮಾಡಿಕೊಂಡರೆ ಒಳ್ಳೆಯದು.