ಹುಲಿಪಟ್ಟೆಯ ಕೋವಿಗಳು: ಶ್ರೀರಂಗಪಟ್ಟಣದಿಂದ ಲಂಡನ್ ಹರಾಜಿಗೆ

2015ರ ಏಪ್ರಿಲ್ 21ರಂದು ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಕಾಲದ 30 ಆಯುಧ, ಯುದ್ಧಸಾಮಗ್ರಿಗಳು 60 ಲಕ್ಷ ಪೌಂಡಿಗೂ ಮೀರಿ ಬಿಕರಿಯಾದವು. ಸಂಗ್ರಾಹಕ ರಾಬಿನ್ ವಿಗಿಂಗ್ಟನ್ ಕೂಡಿಟ್ಟಿದ್ದ ಸಂಪತ್ತು ಅದು.

ಹುಲಿತಲೆಯ ಹಿಡಿಯ ಖಡ್ಗಕ್ಕೇ ಅತಿ ಹೆಚ್ಚಿನ ಬೆಲೆ ಬಂತು. ಆದರೆ ಕುಶಲಕಲೆಯ ದೃಷ್ಟಿಯಿಂದ ನಿಜವಾದ ಅಚ್ಚರಿ ಸುಲ್ತಾನನ ಬೇಟೆಕೋವಿ. ಅದಕ್ಕೆ ನಳಿಗೆ ಒಂದೇ, ಗುಂಡು ಎರಡು. ಒಂದರ ಹಿಂದೊಂದು ಮದ್ದುಗುಂಡು ತುಂಬಿ, ಮೊದಲು ಮುಂದಿನದನ್ನು, ಬಳಿಕ ಹಿಂದಿನದನ್ನು ಚಕಮಕಿಯ ಕಿಡಿಯಿಂದ ಹಾರಿಸಬೇಕು. ಕ್ರಮ ತಪ್ಪಿದರೆ ಹಿಡಿದವನಿಗೇ ಅಪಾಯ. ಇಂಥದ್ದನ್ನು ಧೈರ್ಯವಾಗಿ ಕೈಗಿತ್ತ ಕಮ್ಮಾರರ ಲೆಕ್ಕಾಚಾರ ಎಷ್ಟು ಕರಾರುವಾಕ್ಕಾಗಿತ್ತೆಂದು ಊಹಿಸಬಹುದು! ಈ ಕೋವಿ 7,22,500 ಪೌಂಡಿಗೆ ಹೋಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಲೂಟಿಯಾದ ಆಯುಧಗಳು ಇಂಗ್ಲಿಷ್ ಮನೆತನಗಳನ್ನು ಸೇರಿದವು. 2019ರಲ್ಲಿ ಬರ್ಕ್‌ಷೈರಿನ ಮನೆಯೊಂದರ ಅಟ್ಟದಲ್ಲೂ ಸನೀನು (ಬಯೊನೆಟ್) ಸಹಿತವಾದ ಅಂಥ ಒಂದು ಬಂದೂಕು ಸಿಕ್ಕಿ, ಹರಾಜಾಯಿತು.

ಆದರೆ ಈಗ ಹಣವಿದ್ದವರೆಲ್ಲ ಭಾರತದಿಂದ ಇಂಥ ಆಯುಧಗಳನ್ನು ಹೀಗೆ ಸಾಗಿಸುವಂತಿಲ್ಲ. ನೂರು ವರ್ಷ ದಾಟಿದ ಇಂಥ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಗೆ ಒಳಪಡುತ್ತವೆ. ಖಾಸಗಿಯವರು ಅವನ್ನು ವಿದೇಶಕ್ಕೆ ರಫ್ತು ಮಾಡುವುದು ನಿಷಿದ್ಧ.

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನವರು ಟಿಪ್ಪುವಿನ ಕಾಲದ ಆಯುಧಗಳನ್ನು ಕಾಣಲು ಲಂಡನ್ನಿಗೆ ಹೋಗಬೇಕಿಲ್ಲ. 1997ರವರೆಗೆ ಅವರ ತಾಲ್ಲೂಕು ಸೇರಿದ್ದ ಶಿವಮೊಗ್ಗ ಜಿಲ್ಲೆಯಲ್ಲೇ, ಹೊಸನಗರ ತಾಲ್ಲೂಕಿನ ನಗರದಲ್ಲಿ, 2018ರಲ್ಲಿ ಪಾಳುಬಾವಿಯೊಂದರ ಹೂಳೆತ್ತಿದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಹೊರಬಂದವು. ಅವು ಈಗ ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯದ ಆಸ್ತಿ.